ಪುಸ್ತಕ ಬರೆಯುತ್ತಿರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ಕಾದಂಬರಿ, ತುಮಕೂರು ಸೀಮೆಯ ಕೆರೆಗಳ ಬಗ್ಗೆ ಒಂದು ಪುಸ್ತಕ. ಇಷ್ಟು ನನ್ನ ಬರವಣಿಗೆ. ಮೂರನ್ನೂ ನೌಕರಿ ಮಾಡಿಕೊಂಡೇ ಬರೆದೆ. ಮೊದಲ ಕಾದಂಬರಿಗೆ ಏಳು ವರ್ಷ ಹಿಡಿಯಿತು, ಎರಡನೆಯದಕ್ಕೆ ಎರಡೇ ವರ್ಷ. ಇಷ್ಟು ವ್ಯತ್ಯಾಸ ಏಕೆ ಎಂದು ಹಳೆಯ ನೋಟ್‌ಬುಕ್‌ಗಳಲ್ಲಿ ಹಾಕಿದ್ದ ತಾರೀಖುಗಳನ್ನು ನೋಡಿದೆ. ಬರೆಯಲು ಕೂತ ದಿನ ಬರೆದದ್ದು ಎರಡಕ್ಕೂ ಹೆಚ್ಚುಕಡಿಮೆ ಒಂದೇ ಅಳತೆ. ಮೊದಲನೆಯದರಲ್ಲಿ ಒಂದು ದಿನಕ್ಕೂ ಮುಂದಿನ ದಿನಕ್ಕೂ ನಡುವೆ ಇಪ್ಪತ್ತು, ಮೂವತ್ತು, ಒಮ್ಮೆಯಂತೂ ನೂರನಲವತ್ತು ದಿನ ಖಾಲಿ ಬಿದ್ದಿತ್ತು. ಎರಡನೆಯದರಲ್ಲಿ ನಾಲ್ಕು ದಿನಕ್ಕಿಂತ ಹೆಚ್ಚು ಖಾಲಿ ಬಿಟ್ಟದ್ದು ಅಪರೂಪ. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಆ ತಾರೀಖುಗಳಿಂದ. ಪ್ರಶ್ನೆಗಳು ಫೋನಿನಲ್ಲಿ, ಪತ್ರಗಳಲ್ಲಿ, ಕಾರ್ಯಕ್ರಮ ಮುಗಿದ ಮೇಲೆ ಕಾಫಿ ಕುಡಿಯುತ್ತ ನಿಂತಾಗ ಬಂದವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಶುರು ಮಾಡುವವರಿಗೆ

“ಬರೀಬೇಕು ಅಂತ ಹತ್ತು ವರ್ಷದಿಂದ ಅನ್ಕೋತಿದೀನಿ ಮೇಡಂ. ಎಲ್ಲಿಂದ ಶುರು ಮಾಡ್ಲಿ?”

ನಿಮ್ಮ ಕಣ್ಣಿಗೆ ಎಲ್ಲಕ್ಕಿಂತ ಚೆನ್ನಾಗಿ ಕಾಣುವ ಜಾಗದಿಂದ. ಅದು ಪುಸ್ತಕದ ಮೊದಲ ಪುಟವೇ ಆಗಬೇಕೆಂದಿಲ್ಲ. ನನ್ನ ಮೊದಲ ಕಾದಂಬರಿಯಲ್ಲಿ ಮೊಟ್ಟಮೊದಲು ಬರೆದದ್ದು ಕೊಬ್ಬರಿ ಅಟ್ಟದ ಕೆಳಗೆ ಅಜ್ಜಿ ಮೊಮ್ಮಗಳು ಜಗಳವಾಡುವ ಸನ್ನಿವೇಶ. ಅಚ್ಚಾದಾಗ ಅದು 112ನೇ ಪುಟಕ್ಕೆ ಹೋಗಿ ಕೂತಿತ್ತು.

ಹತ್ತು ವರ್ಷ ತಲೆಯಲ್ಲೇ ಇದ್ದ ಪುಸ್ತಕ ಅಲ್ಲೇ ಬೆಳೆದು ದೊಡ್ಡದಾಗಿರುತ್ತದೆ. ಕಾಗದಕ್ಕೆ ಇಳಿದ ಮೊದಲ ಪ್ಯಾರಾ ಅದರ ಮುಂದೆ ಬಡಕಲಾಗಿ ಕಾಣುತ್ತದೆ, ಕೈ ಹಿಂದೆ ಸರಿಯುತ್ತದೆ. ಇದು ಎಲ್ಲರಿಗೂ ಆಗುವಂಥದ್ದು. ಮೊದಲ ಹದಿನೈದು ದಿನ ಬರೆದದ್ದನ್ನು ಓದಲೇಬೇಡಿ. ಬರೆದು, ತಾರೀಖು ಹಾಕಿ, ಮುಚ್ಚಿಡಿ.

“ಒಂದು ಪುಸ್ತಕ ಅಂದ್ರೆ ಎಷ್ಟು ಬರೀಬೇಕು? ದಿನಕ್ಕೆ ಎಷ್ಟು ಪುಟ?”

ಲೆಕ್ಕ ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ. ಕನ್ನಡದ ಕಾದಂಬರಿ, ಕಥಾಸಂಕಲನಗಳು ಹೆಚ್ಚಾಗಿ ಬರುವುದು ಡೆಮಿ 1/8 ಅಳತೆಯಲ್ಲಿ. ಮುದ್ರಣದವರು ಫಾರಂ ಲೆಕ್ಕದಲ್ಲಿ ಮಾತಾಡುತ್ತಾರೆ. ಒಂದು ಫಾರಂ ಎಂದರೆ 16 ಪುಟ. ಅಕ್ಷರದ ಗಾತ್ರ, ಸಾಲಿನ ನಡುವಿನ ಜಾಗ ನೋಡಿಕೊಂಡು ಒಂದು ಪುಟಕ್ಕೆ ಸುಮಾರು 220ರಿಂದ 250 ಪದ ಹಿಡಿಯುತ್ತದೆ. ಹತ್ತು ಫಾರಮಿನ, ಅಂದರೆ 160 ಪುಟದ ಪುಸ್ತಕಕ್ಕೆ 35ರಿಂದ 40 ಸಾವಿರ ಪದ ಬೇಕು.

ದಿನಕ್ಕೆ 200 ಪದ, ವಾರಕ್ಕೆ ಐದು ದಿನ ಎಂದುಕೊಳ್ಳಿ. ವಾರಕ್ಕೆ ಸಾವಿರ, 40 ವಾರಕ್ಕೆ 40 ಸಾವಿರ. ವರ್ಷದಲ್ಲಿ ಇನ್ನೂ 12 ವಾರ ಉಳಿಯುತ್ತದೆ. ಹಬ್ಬ, ಮದುವೆ, ಜ್ವರ, ಮಕ್ಕಳ ಪರೀಕ್ಷೆ ಎಲ್ಲ ಅದರೊಳಗೆ ಬರಬೇಕು. 200 ಪದ ಎಂದರೆ ನೋಟ್‌ಬುಕ್ಕಿನ ಒಂದೂವರೆ ಪುಟ. ದಿನಕ್ಕೆ ಐದು ಪುಟ ಎಂದು ಶಪಥ ಮಾಡಿದವರು ನಿಂತುಹೋದದ್ದನ್ನು ತುಂಬ ನೋಡಿದ್ದೇನೆ. ಒಂದೂವರೆ ಪುಟದವರು ಮುಗಿಸಿದ್ದನ್ನೂ ನೋಡಿದ್ದೇನೆ.

“ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬರೀಲೇಬೇಕಾ?”

ಬೇಡ. ನಿಮಗೆ ಎಚ್ಚರ ಇರುವ, ಯಾರೂ ಕೂಗದ ಹೊತ್ತು ಯಾವುದೋ ಅದೇ ಸರಿಯಾದ ಹೊತ್ತು. ನಿದ್ದೆ ಕಡಿಮೆ ಮಾಡಿ ಬರೆದದ್ದಕ್ಕೆ ಮೂರನೇ ವಾರದಲ್ಲಿ ಮೈ ಲೆಕ್ಕ ಕೇಳುತ್ತದೆ.

“ಆಫೀಸು, ಅಡುಗೆ, ಮಕ್ಕಳು, ಅತ್ತೆ ಮಾವನ ಔಷಧಿ. ನಂಗೆ ಟೈಮ್ ಎಲ್ಲಿದೆ ಅಕ್ಕ?”

ಈ ಪ್ರಶ್ನೆ ಕೇಳುವವರು ಹೆಚ್ಚಾಗಿ ಹೆಂಗಸರು. “ಮನಸ್ಸಿದ್ದರೆ ಮಾರ್ಗ” ಎಂದು ನಾನು ಯಾವತ್ತೂ ಅವರಿಗೆ ಹೇಳುವುದಿಲ್ಲ. ಸಮಯ ನಿಜವಾಗಿಯೂ ಇಲ್ಲ. ಇದ್ದ ಕೆಲಸದಲ್ಲಿ ಒಂದನ್ನು ಇನ್ನೊಬ್ಬರ ಕೈಗೆ ಕೊಟ್ಟರೆ ಮಾತ್ರ ಸಿಗುತ್ತದೆ. ಹಾಗಾಗಿ ಬರೆಯುವ ಮಾತಿಗೂ ಮೊದಲು ಮನೆಯಲ್ಲಿ ಒಂದು ಮಾತು ಆಗಬೇಕು. “ನಂಗೆ ಸ್ವಲ್ಪ ಬಿಡುವು ಬೇಕು” ಎಂದರೆ ಯಾರಿಗೂ ಅರ್ಥವಾಗದು. “ಮಂಗಳವಾರ, ಗುರುವಾರ, ಶನಿವಾರ ರಾತ್ರಿ ಊಟದ ಪಾತ್ರೆ, ಅಡುಗೆ ಮನೆ ನಿಮ್ಮದು. ಎಂಟೂವರೆಯಿಂದ ಒಂಬತ್ತೂಕಾಲರವರೆಗೆ ನನ್ನನ್ನು ಕರೀಬೇಡಿ” ಎನ್ನಿ. ದಿನ, ಗಂಟೆ, ಕೆಲಸ ಮೂರೂ ಆ ಮಾತಿನಲ್ಲಿ ಇರಲಿ. ನಮ್ಮ ಮನೆಯಲ್ಲಿ ಇದು ಒಂದೇ ಸಲಕ್ಕೆ ಆಗಲಿಲ್ಲ. ನಾಲ್ಕು ಸಲ ಹೇಳಬೇಕಾಯಿತು, ಎರಡು ಸಲ ಅಳಬೇಕಾಯಿತು.

ನನಗೆ ದೊಡ್ಡ ಆಸರೆಯಾದದ್ದು ರೈಲು. ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್, ಮಂತ್ಲಿ ಪಾಸು. ಕ್ಯಾತ್ಸಂದ್ರ ದಾಟುತ್ತಿದ್ದಂತೆ ನೋಟ್‌ಬುಕ್ ತೆಗೆಯುತ್ತಿದ್ದೆ, ಚಿಕ್ಕಬಾಣಾವರ ಬಂದಾಗ ಮುಚ್ಚುತ್ತಿದ್ದೆ. ಸೀಟು ಸಿಗದ ದಿನ ನಿಂತುಕೊಂಡು ಮೊಬೈಲಿನಲ್ಲಿ ಎರಡು ಸಾಲು. ಪಕ್ಕದಲ್ಲಿ ಕೂರುತ್ತಿದ್ದ ಹೆಂಗಸೊಬ್ಬರಿಗೆ ಒಂದು ದಿನ ನಾನು ಏನು ಮಾಡುತ್ತಿದ್ದೇನೆಂದು ಹೇಳಿದೆ. ಮರುದಿನದಿಂದ ಅವರೇ ಕಿಟಕಿ ಪಕ್ಕದ ಜಾಗ ಹಿಡಿದಿಡತೊಡಗಿದರು. ನಿಮ್ಮ ದಿನದಲ್ಲಿಯೂ ಇಂಥ ಒಂದು ಹೊತ್ತು ಇರಬಹುದು, ಬಸ್ಸಿನಲ್ಲೋ, ಮಗುವಿನ ಡ್ಯಾನ್ಸ್ ಕ್ಲಾಸಿನ ಹೊರಗಿನ ಬೆಂಚಿನ ಮೇಲೋ, ಡಯಾಲಿಸಿಸ್ ವಾರ್ಡಿನ ಪಕ್ಕದ ಕುರ್ಚಿಯಲ್ಲೋ. ಆ ಹೊತ್ತನ್ನು ಮೊದಲು ಗುರುತಿಸಿ.

ಮಾಸ್ತಿಯವರು ಮೈಸೂರು ಸಂಸ್ಥಾನದ ದೊಡ್ಡ ಹುದ್ದೆಗಳಲ್ಲಿ ದುಡಿಯುತ್ತಲೇ ಕತೆ ಬರೆದರು ಎಂದು ಎಲ್ಲರೂ ಉದಾಹರಣೆ ಕೊಡುತ್ತಾರೆ. ನಿಜ, ದೊಡ್ಡ ಮಾತೇ. ಆದರೆ ಆ ಕಾಲದ ಮನೆಗಳಲ್ಲಿ ಬರೆಯುವ ಗಂಡಸಿಗೆ ಅನ್ನ ಸಾರು ಯಾರು ಬಡಿಸುತ್ತಿದ್ದರು ಎಂಬುದನ್ನೂ ನೆನೆಯಬೇಕು.

“ಪೆನ್ನಲ್ಲಿ ಬರೆಯುವುದಾ, ಕಂಪ್ಯೂಟರಿನಲ್ಲಾ? ಕನ್ನಡ ಟೈಪ್ ಮಾಡ್ಲಿಕ್ಕೆ ಗೊತ್ತಿಲ್ಲ, ಅದೇ ಒಂದು ತಲೆನೋವು ಉಂಟು.”

ಮೊದಲ ಕರಡಿಗೆ ಕೈ ಎಲ್ಲಿ ಓಡುತ್ತದೋ ಅಲ್ಲಿ ಬರೆಯಿರಿ. ಟೈಪಿಂಗ್ ಕಲಿತ ಮೇಲೆ ಪುಸ್ತಕ ಎಂದು ಕಾಯಬೇಡಿ. ಶಿವರಾಮ ಕಾರಂತರು ಎಷ್ಟೋ ಪುಸ್ತಕಗಳನ್ನು ತಾವು ಹೇಳುತ್ತ ಇನ್ನೊಬ್ಬರಿಂದ ಬರೆಸಿದರು. ಈಗ ಫೋನಿನ ಕೀಬೋರ್ಡಿನಲ್ಲಿ ಮೈಕ್ ಗುರುತು ಒತ್ತಿ ಕನ್ನಡದಲ್ಲಿ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ. ಊರ ಭಾಷೆಯ ಸಂಭಾಷಣೆಯಲ್ಲಿ ತಪ್ಪು ಜಾಸ್ತಿ, ನಿರೂಪಣೆಯಲ್ಲಿ ಪರವಾಗಿಲ್ಲ.

ಕಂಪ್ಯೂಟರಿನಲ್ಲಿ ಬರೆಯುವವರು ಯೂನಿಕೋಡಿನಲ್ಲೇ, ಅಂದರೆ ಎಲ್ಲ ಯಂತ್ರಗಳಲ್ಲೂ ಒಂದೇ ರೀತಿ ಓದಲು ಬರುವ ಅಕ್ಷರ ಸಂಕೇತದಲ್ಲೇ ಬರೆಯಿರಿ. ಹಳೆಯ ಆಸ್ಕಿ ಫಾಂಟಿನಲ್ಲಿ ಬರೆದ ಕಡತ ಇನ್ನೊಂದು ಯಂತ್ರದಲ್ಲಿ ತೆರೆದಾಗ ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ. ಪುಟವಿನ್ಯಾಸ ಮಾಡುವವರು ಈಗಲೂ ನುಡಿ ತಂತ್ರಾಂಶದ ಆಸ್ಕಿ ಕಡತ ಕೇಳಬಹುದು, ಕೊನೆಯಲ್ಲಿ ಪರಿವರ್ತಿಸಿ ಕೊಡಬಹುದು. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಒಂದೊಂದಾಗಿ ನೋಡಬೇಕು. ವಾರಕ್ಕೊಮ್ಮೆ ನಿಮಗೆ ನೀವೇ ಕಡತವನ್ನು ಇಮೇಲ್ ಮಾಡಿಕೊಳ್ಳಿ. ನೋಟ್‌ಬುಕ್ಕಿನವರು ಪುಟಗಳ ಫೋಟೋ ತೆಗೆದಿಡಿ. ನನ್ನ ಒಂದು ನೋಟ್‌ಬುಕ್ ಯಶವಂತಪುರ ಪ್ಲಾಟ್‌ಫಾರಂನಲ್ಲಿ ಕಳೆದುಹೋಯಿತು. ಅದರಲ್ಲಿದ್ದ ಇಪ್ಪತ್ತಾರು ಪುಟ ಮತ್ತೆ ಅದೇ ರೀತಿ ಬರಲಿಲ್ಲ.

## ದಾರಿ ಹಿಡಿದವರಿಗೆ

“ದಿನಾ ಬರೀತೀನಿ ಅಂತ ಶುರು ಮಾಡ್ತೀನಿ. ಹತ್ತು ದಿನ ಆದ್ಮೇಲೆ ಬಿಟ್ಟೋಗುತ್ತೆ. ಶಿಸ್ತೇ ಇಲ್ವಾ ನಂಗೆ?”

ಶಿಸ್ತಿಗೂ ಇದಕ್ಕೂ ಅಷ್ಟು ಸಂಬಂಧ ಇಲ್ಲ. ಹನ್ನೊಂದನೇ ದಿನ ತಪ್ಪುವುದು ದೊಡ್ಡ ಸಂಗತಿಯಲ್ಲ. ತಪ್ಪಿತೆಂಬ ಸಂಕಟದಲ್ಲಿ ಹನ್ನೆರಡನೇ ದಿನವೂ ಬಿಡುತ್ತೇವೆ, ಅಲ್ಲಿಂದ ವಾರ, ತಿಂಗಳು. ಅಷ್ಟು ಹೊತ್ತಿಗೆ ಪಾತ್ರಗಳ ದನಿ ಕಿವಿಯಿಂದ ಹೋಗಿರುತ್ತದೆ. ಮತ್ತೆ ಕೂತರೆ ಮೊದಲಿನಿಂದ ಓದಬೇಕು, ಓದುತ್ತಲೇ ತಿದ್ದಲು ಕೈ ಹೋಗುತ್ತದೆ, ಹೊಸ ಸಾಲು ಬರುವ ಮೊದಲೇ ಆ ದಿನದ ಹೊತ್ತು ಮುಗಿಯುತ್ತದೆ.

ಅದಕ್ಕೇ ಬರೆದ ಪದ ಎಣಿಸುವುದನ್ನು ಬಿಟ್ಟು, ಬರೆಯದ ದಿನ ಎಣಿಸಲು ಶುರು ಮಾಡಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ಬರೆದ ದಿನಕ್ಕೆ ಒಂದು ಚುಕ್ಕೆ. ಖಾಲಿ ಚೌಕ ಮೂರು ಸಾಲಾಗಿ ಬಂದರೆ ನಾಲ್ಕನೇ ದಿನ ಏನೇ ಇರಲಿ, ಹತ್ತು ನಿಮಿಷ ಕಡತ ತೆರೆಯಬೇಕು. ಬರೆಯಲು ಆಗದಿದ್ದರೆ ಕೊನೆಯ ಪುಟ ಜೋರಾಗಿ ಓದಿದರೂ ಸಾಕು, ಚುಕ್ಕೆ ಇಡಬಹುದು.

ಇನ್ನೊಂದು ಅಭ್ಯಾಸ ಹೇಳುತ್ತೇನೆ. ಇದು ನನಗೆ ಎಲ್ಲಕ್ಕಿಂತ ಹೆಚ್ಚು ಸಹಾಯ ಮಾಡಿತು. ಎದ್ದು ಹೋಗುವ ಮೊದಲು ನಾಳೆಯವಳಿಗೆ ಒಂದು ಚೀಟಿ ಬರೆದಿಡುತ್ತೇನೆ: “ಗೌರಮ್ಮ ಬಾಗಿಲು ತೆಗೆಯುತ್ತಾಳೆ. ಹೊರಗೆ ತಮ್ಮ ನಿಂತಿದ್ದಾನೆ. ಕೈಯಲ್ಲಿ ಪತ್ರ ಇಲ್ಲ.” ಮುಂದೇನು ಎಂದು ಗೊತ್ತಿರುವಾಗಲೇ ನಿಲ್ಲಿಸಬೇಕು. ಹಾಲಿಗೆ ಹೆಪ್ಪು ಹಾಕಿಟ್ಟಂತೆ ಅದು. ರಾತ್ರಿಯೆಲ್ಲ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿರುತ್ತದೆ.

“ಬರ್ಯಾಕ ಕುಂತ್ರ ಮೊದ್ಲಿಂದ ತಿದ್ಕೋತ ಹೊಂಟುಬಿಡ್ತೀನ್ರಿ. ಮೊದಲನೇ ಅಧ್ಯಾಯನ ಹದಿನೈದು ಸಲ ಬರ್ದೀನಿ.”

ಹಲಗೆ ಬಳಪ ಹಿಡಿಯದೆ, ಇಟ್ಟ ಪದವನ್ನು ಅಳಿಸದೆ ಬರೆದೆ ಎಂದು ಗದುಗಿನ ನಾರಣಪ್ಪ ಹೇಳಿಕೊಂಡ. ಆ ಅಗ್ಗಳಿಕೆ ಅವನಿಗೇ ಸಲ್ಲಲಿ. ನಾವು ಅಳಿಸುವವರೇ, ಆದರೆ ಅಳಿಸುವುದಕ್ಕೂ ಬರೆಯುವುದಕ್ಕೂ ಬೇರೆ ಬೇರೆ ದಿನ ಇಟ್ಟುಕೊಳ್ಳಬೇಕು. ತಿದ್ದಬೇಕೆನಿಸಿದಾಗ ಅಂಚಿನಲ್ಲಿ ಒಂದು ಗೆರೆ ಎಳೆದು “ಇಲ್ಲಿ ಮಳೆ ಬೇಡ” ಎಂದಷ್ಟೇ ಗುರುತು ಹಾಕಿ ಮುಂದೆ ಹೋಗಿ. ಕೊನೆಯ ಅಧ್ಯಾಯ ಬರೆದ ಮೇಲೆ ಮೊದಲನೆಯದು ಹೇಗೂ ಬದಲಾಗುತ್ತದೆ. ನನ್ನ ಎರಡೂ ಕಾದಂಬರಿಗಳ ಮೊದಲ ಅಧ್ಯಾಯ ಅಚ್ಚಿಗೆ ಹೋಗುವಾಗ ಇರಲೇ ಇಲ್ಲ. ಹದಿನೈದು ಸಲ ತಿದ್ದಿದ ಶ್ರಮ ಹಾಗೆ ಹೋದಾಗ ಆಗುವ ನೋವು ನನಗೆ ಗೊತ್ತು.

“ಐವತ್ತು ಪುಟ ಆದ್ಮೇಲೆ ಎಲ್ಲಾ ಸಪ್ಪೆ ಅನ್ಸೋಕೆ ಶುರುವಾಯ್ತು. ಬಿಟ್ಟು ಹೊಸದು ಬರೀಲಾ?”

ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಈ ಜಾಗದಿಂದಲೇ ಬಂದವು. ಶುರುವಿನ ಹುಮ್ಮಸ್ಸು ಮುಗಿದಿರುತ್ತದೆ, ಕೊನೆ ಇನ್ನೂ ಕಾಣುತ್ತಿರುವುದಿಲ್ಲ. ಆಗಲೇ ಹೊಸ ಪುಸ್ತಕದ ಯೋಚನೆ ಹೊಳೆಯುತ್ತದೆ, ತುಂಬ ಚೆಂದ ಕಾಣುತ್ತದೆ. ಅದನ್ನು ಬೇರೆ ನೋಟ್‌ಬುಕ್ಕಿನಲ್ಲಿ ಒಂದು ಪುಟ ಬರೆದಿಟ್ಟು ಇದಕ್ಕೇ ಮರಳಿ. ಅದರ ಐವತ್ತನೇ ಪುಟದಲ್ಲೂ ಇದೇ ಕಾದಿರುತ್ತದೆ.

ಸಪ್ಪೆಗೆ ಕಾರಣ ಒಂದೇ ಅಲ್ಲ. ಅದನ್ನು ಪತ್ತೆ ಮಾಡದೆ ಬರೀ “ಛಲ ಬಿಡಬೇಡಿ” ಎಂದರೆ ಉಪಯೋಗವಿಲ್ಲ. ನಾನು ಮೊದಲು ನೋಡುವುದು, ಪಾತ್ರಕ್ಕೆ ಏನು ಬೇಕೆಂದು ನನಗೆ ಗೊತ್ತೇ ಎಂದು. ಗೊತ್ತಿಲ್ಲದಿದ್ದಾಗ ಪಾತ್ರಗಳು ಸುಮ್ಮನೆ ಕಾಫಿ ಕುಡಿಯುತ್ತ ಮಾತಾಡುತ್ತಿರುತ್ತವೆ. ಒಂದು ಅಧ್ಯಾಯದಲ್ಲಿ ನನ್ನವರು ಐದು ಸಲ ಕಾಫಿ ಕುಡಿದಿದ್ದರು! ಅಲ್ಲಿ ಹಿಂದೆ ಹೋಗಿ, ಯಾವ ಪುಟದವರೆಗೆ ಓದಲು ಆಸೆಯಾಗುತ್ತದೋ ಅಲ್ಲಿಂದ ಬೇರೆ ದಾರಿ ಹಿಡಿಯಬೇಕು. ಕೆಲವೊಮ್ಮೆ ಕಾರಣ ತಿಳಿವಳಿಕೆಯ ಕೊರತೆ. ರೇಷ್ಮೆ ಮಾರುಕಟ್ಟೆಯ ಅಧ್ಯಾಯ ಸಪ್ಪೆಯಾದರೆ ನೀವು ಗೂಡಿನ ಹರಾಜನ್ನು ಕಣ್ಣಾರೆ ನೋಡಿಲ್ಲ ಎಂದೇ ಅರ್ಥ ಇರಬಹುದು. ಒಂದು ಬೆಳಿಗ್ಗೆ ರಾಮನಗರಕ್ಕೆ ಹೋಗಿ ಬನ್ನಿ.

ಇನ್ನು ಕೆಲವೊಮ್ಮೆ ಪುಸ್ತಕದಲ್ಲಿ ಏನೂ ತಪ್ಪಿರುವುದಿಲ್ಲ, ನೀವು ದಣಿದಿರುತ್ತೀರಿ. ಗುರುತಿಸುವುದು ಸುಲಭ: ಪ್ರೀತಿಯ ಲೇಖಕರ ಪುಸ್ತಕ ತೆರೆದು ಎರಡು ಪುಟ ಓದಿ. ಅದೂ ಸಪ್ಪೆ ಎನಿಸಿದರೆ ಮಲಗಿ.

ಬಿಡಬೇಕಾದ ಪುಸ್ತಕವೂ ಇರುತ್ತದೆ. ಬೇರೆಯವರಿಗೆ ತೋರಿಸಲೆಂದು, ಯಾರ ಮೇಲೋ ಸೇಡಿಗೆಂದು ಶುರು ಮಾಡಿದ್ದು ಸಿಟ್ಟು ಆರಿದ ಮೇಲೆ ನಿಲ್ಲುತ್ತದೆ. ಅಂಥದ್ದನ್ನು ಬಿಟ್ಟರೆ ನಷ್ಟವಿಲ್ಲ.

“ಚರಿತ್ರೆ ಪುಸ್ತಕ ಬರೀತಿದೀನಿ. ಮಾಹಿತಿ ಸಂಗ್ರಹವೇ ಮುಗೀತಿಲ್ಲ, ಬರೆಯೋದು ಯಾವಾಗ?”

ಕೆರೆಗಳ ಪುಸ್ತಕದಲ್ಲಿ ನಾನೂ ಇಲ್ಲೇ ಸಿಕ್ಕಿಕೊಂಡೆ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದ 12ನೇ ಸಂಪುಟ ತುಮಕೂರು ಜಿಲ್ಲೆಯ ಶಾಸನಗಳದ್ದು, 1904ರದು. ಕೆರೆ ಕಟ್ಟಿಸಿದ, ತೂಬು ಇಡಿಸಿದ, ಕೆರೆಗೆ ಭೂಮಿ ಬಿಟ್ಟ ಶಾಸನ ಹುಡುಕುತ್ತ ಹೊರಟರೆ ಒಂದರಿಂದ ಇನ್ನೊಂದಕ್ಕೆ ದಾರಿ. ಓದುವ ಸುಖ ಬರೆಯುವ ಕಷ್ಟವನ್ನು ಮರೆಸುತ್ತದೆ. ಹೀಗೆ ಎಂಟು ತಿಂಗಳು ಹೋಯಿತು, ಒಂದು ಪ್ಯಾರಾ ಬರೆಯಲಿಲ್ಲ.

ಕೊನೆಗೆ ಬಿಡಿಸಿದ್ದು ಕೆರೆಯ ನೀರು ಹಂಚುವ ಒಬ್ಬ ನೀರಗಂಟಿ ಅಜ್ಜ. ಕೋಡಿಯ ಬಳಿ ಕೂತು ಎರಡು ಗಂಟೆ ಮಾತಾಡಿ, “ನಾನು ಹೇಳಿದ್ದು ಬರಕೊಂಡೇನಮ್ಮ? ನಾಳೆ ನಾನು ಇರ್ತೀನೋ ಇಲ್ವೋ” ಎಂದರು. ಅವತ್ತು ರಾತ್ರಿಯೇ ಬರೆದೆ. ಆಮೇಲಿಂದ ಒಂದು ಕಟ್ಟಳೆ: ಓದಿದ, ಕೇಳಿದ ದಿನವೇ ಅದರ ಬಗ್ಗೆ ಪೂರ್ತಿ ವಾಕ್ಯಗಳಲ್ಲಿ ಅರ್ಧ ಪುಟ, ಪುಸ್ತಕಕ್ಕೆ ಬರೆಯುವಂತೆಯೇ. ಗೊತ್ತಿಲ್ಲದ ಕಡೆ ಖಾಲಿ ಬಿಟ್ಟು “ವರ್ಷ?” “ಏರಿಯ ಉದ್ದ?” ಎಂದು ಗುರುತು. ಆ ಖಾಲಿ ಜಾಗಗಳೇ ಮುಂದೆ ಯಾವುದನ್ನು ಹುಡುಕಬೇಕು, ಯಾವುದನ್ನು ಬಿಡಬೇಕು ಎಂದು ಹೇಳಿದವು.

“ಬರೆಯೋಕೆ ಕೂತ್ರೆ ಕೈ ತಾನಾಗೇ ಫೋನಿಗೆ ಹೋಗುತ್ತೆ.”

ಫೋನನ್ನು ಬೇರೆ ಕೋಣೆಯಲ್ಲಿಡಿ. ಮನಸ್ಸು ಗಟ್ಟಿ ಮಾಡುವುದಕ್ಕಿಂತ ಗೋಡೆ ಅಡ್ಡ ಇಡುವುದು ಸುಲಭ. ಫೋನಿನಲ್ಲೇ ಬರೆಯುವವರು ಆ ಹೊತ್ತಿಗೆ ಡೇಟಾ ಆಫ್ ಮಾಡಿ.

“ಬರೀತಿರುವಾಗಲೇ ಯಾರಿಗಾದ್ರೂ ತೋರಿಸ್ಬಹುದಾ?”

ಕತೆಯನ್ನು ಬಾಯಲ್ಲಿ ಹೇಳಬೇಡಿ. ಒಮ್ಮೆ ಚೆನ್ನಾಗಿ ಹೇಳಿ, ಕೇಳಿದವರು ಹೌದಾ ಎಂದು ಬೆರಗಾದರೆ ನಿಮಗೆ ಸಿಗಬೇಕಾದ ಸಂತೋಷ ಸಿಕ್ಕಿಬಿಡುತ್ತದೆ. ಬರೆಯುವ ಹಸಿವು ಅಷ್ಟಕ್ಕೆ ತಣಿಯುತ್ತದೆ. ಬರೆದ ಪುಟಗಳನ್ನು ತೋರಿಸಬಹುದು, ಅದೂ ಒಬ್ಬರಿಗೆ. “ಹೇಗಿದೆ?” ಎಂದು ಕೇಳದೆ “ಎಲ್ಲಿ ಬೇಸರ ಬಂತು? ಎಲ್ಲಿ ಅರ್ಥವಾಗಲಿಲ್ಲ?” ಎಂದು ಕೇಳಿ. ನನಗೆ ಅಂಥ ಓದುಗರೆಂದರೆ ನನ್ನ ಓರಗಿತ್ತಿ. ಎಸ್ಸೆಸ್ಸೆಲ್ಸಿವರೆಗೆ ಓದಿದವಳು, ಕಾದಂಬರಿ ಎಂದರೆ ಪ್ರಾಣ. ಪುಟದ ಅಂಚಿನಲ್ಲಿ ಅವಳು ಪೆನ್ಸಿಲಿನಲ್ಲಿ ಹಾಕಿದ ಅಡ್ಡಗೆರೆಗಳು ಎಲ್ಲ ವಿಮರ್ಶೆಗಳಿಗಿಂತ ಹೆಚ್ಚು ಕಲಿಸಿವೆ.

## ದೂರ ಬಂದವರಿಗೆ

“ಅಮ್ಮ ಹೋಗಿ ಆರು ತಿಂಗಳಾಯ್ತು. ಕಾದಂಬರಿ ಮುಟ್ಟೋಕೇ ಆಗ್ತಿಲ್ಲ. ಮುಟ್ಟಿದ್ರೆ ಪಾಪ ಅನ್ಸುತ್ತೆ.”

ಖಾಲಿ ದಿನಗಳನ್ನು ಎಣಿಸಿ ಎಂದು ಮೇಲೆ ಹೇಳಿದ್ದು ನಿಮಗಲ್ಲ. ಈ ಕಾಲಕ್ಕೆ ಆ ಲೆಕ್ಕ ಹಿಡಿಯಬಾರದು. ಬರೆಯದೇ ಇರಿ. ಬೇಕೆನಿಸಿದರೆ ಕಾದಂಬರಿ ಬದಿಗಿಟ್ಟು ಅಮ್ಮನ ಬಗ್ಗೆ ಬಿಡಿ ಸಾಲು ಬರೆಯಿರಿ: ಅವರು ಸಾರಿಗೆ ಏನು ಹಾಕುತ್ತಿದ್ದರು, ಫೋನು ಎತ್ತಿದಾಗ ಮೊದಲ ಮಾತು ಏನಿರುತ್ತಿತ್ತು. ಅಪ್ಪ ತೀರಿಕೊಂಡಾಗ ನಾನು ತಿಂಗಳುಗಟ್ಟಲೆ ಬೇರೇನೂ ಬರೆಯಲಿಲ್ಲ. ಮತ್ತೆ ಕಾದಂಬರಿಗೆ ಬಂದಾಗ ಅದರ ಮುದುಕನ ಪಾತ್ರ ಬೇರೆಯೇ ಆಗಿತ್ತು.

ಬರೆಯುವುದು ಮಾತ್ರವಲ್ಲ, ಊಟ, ನಿದ್ದೆ, ಜನರ ಜೊತೆ ಮಾತು ಎಲ್ಲವೂ ವಾರಗಟ್ಟಲೆ ತಪ್ಪಿದ್ದರೆ ಅದನ್ನು ಬರಹದ ತೊಂದರೆ ಎಂದುಕೊಂಡು ಸುಮ್ಮನಿರಬೇಡಿ. ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

“ನಂಗೆ ಅರವತ್ತೆಂಟು. ಆತ್ಮಕಥೆ ಬರೀತಿದೀನಿ. ನಮ್ಮಂಥವರ ಬದುಕು ಯಾರು ಓದ್ತಾರೆ ಅನ್ಸಿ ನಿಂತುಬಿಡುತ್ತೆ.”

ಮೊದಲ ಓದುಗ ಯಾರೆಂದು ಹೆಸರಿಟ್ಟುಕೊಳ್ಳಿ. ಮೊಮ್ಮಗ ಆಗಬಹುದು, ನಿಮ್ಮ ಹಳೆಯ ಸಹೋದ್ಯೋಗಿ ಆಗಬಹುದು. ಅವರಿಗೆ ಗೊತ್ತಿಲ್ಲದ್ದನ್ನು ಮಾತ್ರ ಬರೆಯಿರಿ. ಸನ್ಮಾನ, ಬಡ್ತಿ, ವರ್ಗಾವಣೆಗಳ ಪಟ್ಟಿ ಬೇಡ. 1972ರಲ್ಲಿ ಗೋವಿನ ಜೋಳದ ಉಪ್ಪಿಟ್ಟಿಗೆ ಶಾಲೆಯಲ್ಲಿ ಸಾಲು ನಿಂತದ್ದು, ಮೊದಲ ಸಂಬಳದ ನೋಟುಗಳನ್ನು ಅಮ್ಮ ಎಲ್ಲಿಟ್ಟಳು ಎಂಬುದು, ಇವೇ ಬೇಕು. ಒಂದು ವಾರಕ್ಕೆ ಒಂದು ನೆನಪು. ಕಾಲಾನುಕ್ರಮವನ್ನು ಕೊನೆಗೆ ಜೋಡಿಸಿದರಾಯಿತು.

“ನನ್ನ ಜೊತೆಯವರು ವರ್ಷಕ್ಕೆರಡು ಪುಸ್ತಕ ತರ್ತಾರೆ. ನಾನು ಐದು ವರ್ಷದಿಂದ ಒಂದರಲ್ಲೇ ಇದ್ದೀನಿ.”

ಕುವೆಂಪು ರಾಮಾಯಣ ದರ್ಶನಂ ಬರೆಯಲು ಒಂಬತ್ತು ವರ್ಷ ತೆಗೆದುಕೊಂಡರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗೆ ಅರ್ಧ ಶತಮಾನವೇ ಹಿಡಿಯಿತು. ಇನ್ನೊಂದು ಕಡೆ ತ್ರಿವೇಣಿ 1963ರಲ್ಲಿ, 35 ತುಂಬುವ ಮೊದಲೇ ತೀರಿಕೊಂಡರು. ಅಷ್ಟರಲ್ಲಿ ಸುಮಾರು ಇಪ್ಪತ್ತು ಕಾದಂಬರಿ ಬರೆದಿದ್ದರು. ಇವುಗಳಲ್ಲಿ ಯಾವ ವೇಗವನ್ನು ತಪ್ಪೆನ್ನುವುದು? ನಿಮ್ಮ ಐದು ವರ್ಷದಲ್ಲಿ ಪುಸ್ತಕದ ಜೊತೆ ಕಳೆದ ದಿನ ಎಷ್ಟು ಎಂದು ಮಾತ್ರ ಕೇಳಿಕೊಳ್ಳಿ. ಹೆಚ್ಚಿದ್ದರೆ ನೆಮ್ಮದಿಯಿಂದಿರಿ. ಕಡಿಮೆಯಿದ್ದರೆ ಕ್ಯಾಲೆಂಡರಿನ ಚುಕ್ಕೆಗೆ ಮರಳಿ.

“ಗಡುವು ಇಲ್ಲದೆ ನಂಗೆ ಬರೆಯೋಕೆ ಆಗಲ್ಲ. ನಾನೇ ಹಾಕಿಕೊಂಡ ಗಡುವನ್ನ ನಾನೇ ಮುರೀತೀನಿ.”

ಹೊರಗಿನ ಗಡುವು ಹುಡುಕಿ. ಕನ್ನಡದಲ್ಲಿ ವಾರಪತ್ರಿಕೆಗಳ ಧಾರಾವಾಹಿ ಎಷ್ಟೋ ಕಾದಂಬರಿಗಳನ್ನು ಮುಗಿಸಿಕೊಟ್ಟಿದೆ. ವಾರ ವಾರ ಕಂತು ಹೋಗಲೇಬೇಕಿತ್ತು. ಈಗ ಆ ಅವಕಾಶ ಕಡಿಮೆ. ಆದರೆ ದೀಪಾವಳಿ, ಯುಗಾದಿ ವಿಶೇಷಾಂಕಗಳ ಕಥಾಸ್ಪರ್ಧೆಗೆ ಕೊನೆಯ ದಿನಾಂಕ ಇರುತ್ತದೆ. ಒಂದು ಅಧ್ಯಾಯವನ್ನು ಸ್ವತಂತ್ರ ಕತೆಯಾಗಿ ಕಳಿಸಬಹುದು. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡಲು ಹಸ್ತಪ್ರತಿ ಕರೆಯುತ್ತದೆ. ಪ್ರಕಟಣೆ ಬಂದ ದಿನವೇ ಕೊನೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ, ವಯಸ್ಸಿನ ಮಿತಿ ಮತ್ತಿತರ ನಿಯಮ ಓದಿ.

ಇದ್ಯಾವುದೂ ಒಗ್ಗದಿದ್ದರೆ ಜೊತೆಗಾರರೊಬ್ಬರನ್ನು ಹಿಡಿಯಿರಿ. ನಾನು ಮತ್ತು ಧಾರವಾಡದ ಒಬ್ಬ ಗೆಳತಿ ಎರಡು ವರ್ಷ ಪ್ರತಿ ಭಾನುವಾರ ಸಂಜೆ ಒಬ್ಬರಿಗೊಬ್ಬರು ಆ ವಾರದ ಪುಟಗಳ ಫೋಟೋ ಕಳಿಸಿದೆವು. ಓದಬೇಕೆಂಬ ಕಟ್ಟುಪಾಡಿರಲಿಲ್ಲ, ಕಳಿಸಬೇಕಿತ್ತು ಅಷ್ಟೆ.

“ಮುಗೀತು ಅಂತ ಹೇಗೆ ಗೊತ್ತಾಗುತ್ತೆ? ತಿದ್ತಾನೇ ಇದ್ದೀನಿ.”

ಒಂದು ತಿಂಗಳು ಕಣ್ಣಿಗೆ ಬೀಳದಂತೆ ಇಡಿ. ಆಮೇಲೆ ಪ್ರಿಂಟ್ ತೆಗೆಸಿ, ಜೋರಾಗಿ ಓದಿ. ನಾಲಿಗೆ ತೊಡರುವ ಕಡೆ ಗುರುತು ಹಾಕಿ, ಅಷ್ಟನ್ನೇ ತಿದ್ದಿ. ಮುಂದಿನ ಸುತ್ತಿನಲ್ಲಿ ನೀವು “ಮತ್ತು” ತೆಗೆದು “ಹಾಗೂ” ಹಾಕಿ, ಮರುದಿನ ಮತ್ತೆ “ಮತ್ತು” ಹಾಕುತ್ತಿದ್ದರೆ ಕೆಲಸ ಮುಗಿದಿದೆ. ಕರಡು ತಿದ್ದುವವರ ಕೈಗೆ ಕೊಡಿ.

“ಮೊದಲ ಪುಸ್ತಕ ಬಂತು. ಬಿಡುಗಡೆ ಆದ ಮಾರನೇ ದಿನದಿಂದ ಏನೋ ಖಾಲಿ ಖಾಲಿ. ಎರಡನೇದಕ್ಕೆ ಕೈ ಏಳ್ತಿಲ್ಲ.”

ವರ್ಷಗಟ್ಟಲೆ ದಿನಕ್ಕೊಮ್ಮೆ ಮಾತಾಡಿಸುತ್ತಿದ್ದವರು ಮನೆ ಬಿಟ್ಟು ಹೋಗಿದ್ದಾರೆ, ಖಾಲಿ ಎನಿಸದೆ ಇರುತ್ತದೆಯೇ? ಮಗಳನ್ನು ಗಂಡನ ಮನೆಗೆ ಕಳಿಸಿದ ಮರುದಿನದ ಚಪ್ಪರದ ಹಾಗಿರುತ್ತದೆ ಮನಸ್ಸು. ಕೆಲವು ತಿಂಗಳು ಓದಿ. ಮಾರಾಟದ ಲೆಕ್ಕವನ್ನು ಪ್ರಕಾಶಕರಿಗೆ ವಾರ ವಾರ ಕೇಳಬೇಡಿ, ವರ್ಷಕ್ಕೊಮ್ಮೆ ಸಾಕು.

ನನ್ನ ಮೊದಲ ಪುಸ್ತಕ ಬಂದ ಮೇಲೆ ನಾಲ್ಕು ತಿಂಗಳು ರೈಲಿನಲ್ಲಿ ಕಿಟಕಿಯಾಚೆ ನೋಡುತ್ತ ಕೂತಿದ್ದೆ. ಒಂದು ಬೆಳಿಗ್ಗೆ ಹಿರೇಹಳ್ಳಿ ದಾಟಿದ ಮೇಲೆ, ಜಾಗ ಹಿಡಿದಿಡುತ್ತಿದ್ದ ಆ ಹೆಂಗಸು “ಇವತ್ತೂ ಬರೀತಿಲ್ವಾ?” ಎಂದರು. ಬ್ಯಾಗಿನಲ್ಲಿ ನೋಟ್‌ಬುಕ್ ಇರಲಿಲ್ಲ. ಅವರು ತಮ್ಮ ಟಿಫಿನ್ ಡಬ್ಬಿಯ ಕೆಳಗಿದ್ದ ಕಿರಾಣಿ ಅಂಗಡಿಯ ಚೀಟಿ ತೆಗೆದು, ಹಿಂಬದಿ ಖಾಲಿ ಇದೆಯೇ ಎಂದು ನೋಡಿ ಕೊಟ್ಟರು. ಎರಡನೇ ಕಾದಂಬರಿಯ ಮೊದಲ ಏಳು ಸಾಲು ಅದರ ಮೇಲಿವೆ.